ಏಳನೇ ಅಧ್ಯಾಯದ ಎರಡನೇ ಒಡೆಯ

ದರ್ಜಿಯ ಮನೆಯಲ್ಲಿ ಬಟ್ಟೆಯ ತುಂಡನ್ನು ಎಸೆಯುವುದಿಲ್ಲ. ಅಂಗಿ ಹೊಲಿದು ಉಳಿದದ್ದು ಜೇಬಾಗುತ್ತದೆ, ಜೇಬಿಗೂ ಸಾಲದ್ದು ದಿಂಬಿನೊಳಗೆ ಹೋಗುತ್ತದೆ. ಅಂಥ ಮನೆಯಲ್ಲಿ ಹುಟ್ಟಿದ ಮಗಳು ಕಾದಂಬರಿಗಾರ್ತಿಯಾದರೆ ಏನಾದೀತು ಎಂದು ಯಾರೂ ಮೊದಲೇ ಯೋಚಿಸಿರಲಿಲ್ಲ.

ಅವಳ ಮೇಜಿನ ಮೇಲೆ ಅಮ್ಮ ಹೊಲಿದುಕೊಟ್ಟ ಮೂರು ಚೀಲಗಳಿದ್ದವು. ನೀಲಿ ಚೀಲದಲ್ಲಿ ಅವಳ ಮೊದಲ ಕಾದಂಬರಿ. ಆರು ವರ್ಷ ಬರೆದದ್ದು. ಅರವತ್ತು ಪುಟ ಇಳಿಸಿದರೆ ಅಚ್ಚು ಹಾಕುತ್ತೇವೆಂದು ಒಳ್ಳೆಯ ಪ್ರಕಾಶನವೊಂದು ಒಪ್ಪಿತ್ತು. ಕೆಂಪು ಚೀಲದಲ್ಲಿ ವಾರಪತ್ರಿಕೆಯ ಧಾರಾವಾಹಿ, ಬುಧವಾರಕ್ಕೊಂದು ಕಂತು. ಚೌಕುಳಿ ಚೀಲದಲ್ಲಿ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದ ಮೇಸ್ತ್ರಿಯೊಬ್ಬರ ಆತ್ಮಕಥೆ. ಅಪ್ಪನಿಗೆ ಎಪ್ಪತ್ತು ತುಂಬುವುದರೊಳಗೆ ಪುಸ್ತಕ ಬರಲಿ ಎಂದು ಅವರ ಮಕ್ಕಳು ಬರೆಯುವ ಕೆಲಸವನ್ನು ಅವಳಿಗೆ ಒಪ್ಪಿಸಿದ್ದರು. ಎರಡು ದೋಣಿಯ ಮೇಲೆ ಕಾಲಿಡಬೇಡ ಎಂದಿದ್ದಾರೆ ಹಿರಿಯರು. ಮೂರರ ಬಗ್ಗೆ ಏನೂ ಹೇಳಿಲ್ಲವಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು. ಅಷ್ಟರಲ್ಲಿ ಧಾರಾವಾಹಿಯ ನಾಯಕಿ ಬಾಗಿಲು ತೆರೆಯಲೆಂದು ಕೈ ಎತ್ತಿ ಮೂರು ವಾರವಾಗಿತ್ತು. ಕೈ ಇನ್ನೂ ಎತ್ತಿದಂತೆಯೇ ಇತ್ತು.

ಒಂದು ಸೋಮವಾರ ಪ್ರಕಾಶನದ ಸಂಪಾದಕಿ ಫೋನ್ ಮಾಡಿದಳು.

"ಏಳನೇ ಅಧ್ಯಾಯ ಪೂರ್ತಿ ತೆಗೆದುಬಿಡಿ ಮೇಡಂ."

"ಅದು... ಚೆನ್ನಾಗಿಲ್ವಾ?"

"ತುಂಬಾ ಚೆನ್ನಾಗಿದೆ. ಅದಕ್ಕೇ ತೆಗೀರಿ ಅಂದಿದ್ದು. ಅದರ ಪಕ್ಕ ನಿಂತು ಉಳಿದವೆಲ್ಲ ಮಂಕಾಗ್ತಿವೆ."

ಹೊಗಳಿದಳೋ ತೆಗಳಿದಳೋ ತಿಳಿಯದೆ ಅವಳು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು.

ಏಳನೇ ಅಧ್ಯಾಯದಲ್ಲಿ ಒಬ್ಬ ಯುವಕ ಮಳೆಯಲ್ಲಿ ರೈಲು ನಿಲ್ದಾಣದಲ್ಲಿ ಹುಡುಗಿಯೊಬ್ಬಳಿಗಾಗಿ ಕಾಯುತ್ತಾನೆ. ಮೂರು ಗಾಡಿಗಳು ಬಂದು ಹೋಗುತ್ತವೆ. ನಾಲ್ಕನೆಯದರಲ್ಲಿ ಅವಳು ಬರುತ್ತಾಳೆ, ಆದರೆ ಇಳಿಯುವುದಿಲ್ಲ. ಕಿಟಕಿಯಿಂದ ತನ್ನ ಹಳದಿ ಕೊಡೆಯನ್ನು ಅವನ ಕೈಗಿಡುತ್ತಾಳೆ, ಗಾಡಿ ಹೊರಡುತ್ತದೆ. ಅವನು ಕೊಡೆ ಬಿಚ್ಚದೆ ನೆನೆಯುತ್ತ ನಿಂತುಬಿಡುತ್ತಾನೆ. ಹದಿನಾಲ್ಕು ಪುಟ. ನಾಲ್ಕು ಸಲ ತಿದ್ದಿದ್ದು. ಎಸೆಯಲು ಕೈ ಬರಲಿಲ್ಲ.

ಇತ್ತ ಮೇಸ್ತ್ರಿಯ ಆತ್ಮಕಥೆಯಲ್ಲಿ ಲಿಫ್ಟ್ ಬಿಟ್ಟರೆ ಬೇರೇನೂ ಇರಲಿಲ್ಲ. ವಾರಕ್ಕೆರಡು ಸಲ ಅವರ ಮನೆಗೆ ಹೋಗಿ ಎದುರು ಕೂತು ಕೇಳುತ್ತಿದ್ದಳು.

"ಯೌವನದ ಬಗ್ಗೆ ಏನಾದ್ರೂ ಹೇಳಿ ಯಜಮಾನ್ರೇ."

"ಆರು ಮಹಡಿ ಕಟ್ಟಡದಲ್ಲಿ ಶುರು ಮಾಡಿದೆ. ಆಮೇಲೆ ಹನ್ನೆರಡು ಮಹಡಿಗೆ ಹಾಕಿದ್ರು."

"ಅದಲ್ಲ. ಮನಸ್ಸಿಗೆ ಸಂಬಂಧಪಟ್ಟದ್ದು."

ಅವರು ಗಲ್ಲ ಕೆರೆದುಕೊಂಡರು. "ಹನ್ನೆರಡು ಮಹಡಿದು ಸ್ವಲ್ಪ ಸದ್ದು ಮಾಡ್ತಿತ್ತು. ಬೇಜಾರಾಗೋದು."

ಹೀಗಾಗಿ ಯೌವನದ ಅಧ್ಯಾಯ ಒಂದೂವರೆ ಪುಟಕ್ಕೆ ಮುಗಿದಿತ್ತು. ಮರುದಿನ ಅವಳು ಏಳನೇ ಅಧ್ಯಾಯದ 'ಅವನು' ಇದ್ದಲ್ಲೆಲ್ಲ 'ನಾನು' ಎಂದು ಮಾಡಿ ಆ ಪುಟಗಳನ್ನು ಚೌಕುಳಿ ಚೀಲಕ್ಕೆ ಹಾಕಿದಳು. ಮೋಸ ಮಾಡುವ ಉದ್ದೇಶವಿರಲಿಲ್ಲ. ಇದು ಬರೀ ಮಾದರಿ, ಇಂಥದ್ದೇನಾದರೂ ನಿಮ್ಮಲ್ಲಿದ್ದರೆ ಹೇಳಿ ಎಂದು ಅವರ ಮುಂದಿಡುವುದು, ಅವರು ನಗುವುದು, ನಕ್ಕ ಮೇಲೆ ಬಾಯಿಬಿಡುವುದು. ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡಿಕೊಂಡೇ ಹೋಗಿದ್ದಳು.

ಮೇಸ್ತ್ರಿ ಅವಳ ಮಾತಿಗೆ ಕಾಯದೆ ಓದಲು ಶುರುಮಾಡಿದರು. ಓದಿ ಮುಗಿಸಿ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು.

"ಇದನ್ನ ನಿಮಗೆ ನಾನು ಯಾವಾಗ ಹೇಳಿದೆ?"

"ಯಜಮಾನ್ರೇ, ಅದು ಏನಂದ್ರೆ..."

"ಹೇಳಿರಬೇಕು ಬಿಡಿ. ನನಗೇ ಮರೆತುಹೋಗಿತ್ತು." ಅವರು ಕನ್ನಡಕ ಮತ್ತೆ ಹಾಕಿಕೊಂಡು ಪುಟ ತಿರುವಿದರು. "ಹಳದಿ ಕೊಡೆ. ಹೌದು. ಹಳದೀನೇ."

ಅವಳು ನೀರು ಕೇಳಿ ಕುಡಿದು, ಬಾಯಿಪಾಠ ಮಾಡಿದ ಮಾತನ್ನೂ ನೀರಿನ ಜೊತೆ ನುಂಗಿ ಮನೆಗೆ ಬಂದಳು.

ಎಂಟು ದಿನ ಬಿಟ್ಟು ಸಂಪಾದಕಿಯ ಫೋನ್ ಮತ್ತೆ ಬಂತು.

"ಏಳನೇ ಅಧ್ಯಾಯ ವಾಪಸ್ ಹಾಕಿ ಮೇಡಂ. ಅದಿಲ್ದೆ ಕಾದಂಬರಿ ಕುಂಟ್ತಾ ಇದೆ. ಬೇಕಾದ್ರೆ ಒಂಬತ್ತು, ಹತ್ತು ತೆಗೆಯೋಣ. ಶುಕ್ರವಾರ ಅಚ್ಚಿಗೆ ಹೋಗುತ್ತೆ."

ಆತ್ಮಕಥೆ ಅಚ್ಚಿಗೆ ಹೋಗುವುದೂ ಅದೇ ಶುಕ್ರವಾರ. ಒಂದೇ ತಿಂಗಳಲ್ಲಿ ಎರಡು ಪುಸ್ತಕ, ಎರಡರಲ್ಲೂ ಅದೇ ಮಳೆ, ಅದೇ ಕೊಡೆ. ಮುದುಕರೊಬ್ಬರ ಜೀವನವನ್ನೇ ಕದ್ದು ಕಾದಂಬರಿ ಮಾಡಿದಳು ಎನ್ನುತ್ತಾರೆ. ಪ್ರಕಾಶನದವರು ಇನ್ನೊಮ್ಮೆ ಬಾಗಿಲು ತೆರೆಯುವುದಿಲ್ಲ. ಆರು ವರ್ಷ ನೀರುಪಾಲು.

ಅಮ್ಮ ಹೊಲಿಗೆ ಯಂತ್ರದ ಚಕ್ರ ನಿಲ್ಲಿಸಿ ಎಲ್ಲ ಕೇಳಿಸಿಕೊಂಡಳು.

"ತುಂಡು ಎಸೀಬೇಡ ಅಂತ ನೀನೇ ಹೇಳಿದ್ದು," ಎಂದಳು ಮಗಳು.

"ಎಸೀಬೇಡ ಅಂದೆ ಕಣೇ. ಕೇಳದೆ ಇನ್ನೊಬ್ಬರ ಮೈಗೆ ಹೊಲಿ ಅಂದ್ನಾ? ಅವರು ಅದನ್ನ ತೊಟ್ಕೊಂಡು ಊರೆಲ್ಲ ಸುತ್ತೋಕೆ ಮುಂಚೆ ಹೋಗಿ ಬಿಚ್ಚಿಸ್ಕೊಂಡು ಬಾ."

ಚೌಕುಳಿ ಚೀಲವನ್ನು ಹೆಗಲಿಗೇರಿಸಿ, ಕಾದಂಬರಿಯ ಮೊದಲ ಕರಡುಗಳಿದ್ದ ಹಳೆಯ ನೋಟುಪುಸ್ತಕವನ್ನು ಎದೆಗವಚಿಕೊಂಡು ಅವಳು ಹೊರಟಳು. ಮೇಸ್ತ್ರಿಯ ಮನೆಯ ಗಂಟೆ ಒತ್ತುವ ಮೊದಲೇ ಬಾಗಿಲು ತೆರೆಯಿತು. ಅವರ ಹೆಂಡತಿ.

"ಬಾಮ್ಮ. ನಿನ್ನನ್ನೇ ಕಾಯ್ತಿದ್ದೆ. ಯಾರವಳು?"

"ಯಾರು ಅಮ್ಮಾ?"

"ಕೊಡೆಯವಳು! ನಲವತ್ತಮೂರು ವರ್ಷ ಸಂಸಾರ ಮಾಡಿದೀನಿ, ಒಂದು ದಿನ ಬಾಯಿ ಬಿಟ್ಟಿಲ್ಲ ಈ ಮನುಷ್ಯ. ಪಾರ್ಕಿನಲ್ಲಿ ಎಲ್ಲರಿಗೂ ಗೊತ್ತಂತೆ. ನನಗೆ ತರಕಾರಿ ಅಂಗಡಿಯವಳು ಹೇಳ್ಬೇಕು!"

ಒಳಗೆ ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ನೀಟಾಗಿ ಬಾಚಿಕೊಂಡು ಕೂತಿದ್ದರು. ತಪ್ಪಿತಸ್ಥನ ಮುಖ, ಆದರೆ ಬೆನ್ನು ಮೊದಲಿಗಿಂತ ನೆಟ್ಟಗಿತ್ತು.

"ಕೈಯಲ್ಲಿ ಕೊಡೆ ಇಟ್ಕೊಂಡು ನೆನೆದ್ರಂತೆ," ಎಂದರು ಆಕೆ. "ಅಂಥ ಬುದ್ಧಿವಂತರು!"

"ಅದು ನಿನಗೆ ಅರ್ಥ ಆಗಲ್ಲ ಬಿಡೆ," ಎಂದರು ಮೇಸ್ತ್ರಿ. "ಐದೂ ಇಪ್ಪತ್ತರ ಗಾಡಿ ಅದು."

ಗಾಡಿಯ ಹೊತ್ತನ್ನು ಅವಳು ಎಲ್ಲಿಯೂ ಬರೆದಿರಲಿಲ್ಲ. ಇನ್ನು ತಡಮಾಡಿದರೆ ಆ ಹುಡುಗಿಗೆ ಮದುವೆ ಮಕ್ಕಳೂ ಆದಾವು ಎನಿಸಿ ಅವಳು ಕಣ್ಣುಮುಚ್ಚಿ ಒಂದೇ ಉಸಿರಿಗೆ ಹೇಳಿದಳು. "ಅಂಥ ಹುಡುಗೀನೇ ಇಲ್ಲ. ಅದು ನನ್ನ ಕಾದಂಬರೀದು. ನಾನು ಕಟ್ಟಿದ್ದು. ಅವತ್ತೇ ಹೇಳ್ಬೇಕಿತ್ತು, ಧೈರ್ಯ ಸಾಲ್ಲಿಲ್ಲ."

ಮೇಸ್ತ್ರಿ ಕನಿಕರದಿಂದ ತಲೆಯಾಡಿಸಿದರು. "ಪಾಪ, ಒಳ್ಳೆ ಹುಡುಗಿ. ನನ್ನ ಸಂಸಾರ ಉಳಿಸೋಕೆ ಸುಳ್ಳು ಹೇಳ್ತಿದಾಳೆ."

"ಹೌದು, ಇವರೇ ಹೇಳಿಕೊಟ್ಟಿದಾರೆ," ಎಂದರು ಹೆಂಡತಿ.

ನಿಜ ಹೇಳಿದರೂ ನಂಬದವರ ಮುಂದೆ ಏನು ಮಾಡುವುದು? ಅವಳು ನೋಟುಪುಸ್ತಕ ಬಿಚ್ಚಿದಳು. ಆರು ವರ್ಷದ ಹಿಂದಿನ ತಾರೀಖು, ಅದೇ ರೈಲು ನಿಲ್ದಾಣ. ಮೊದಲ ಸಲ ಬರೆದಾಗ ಕೊಡೆಯೇ ಇರಲಿಲ್ಲ, ಒಂದು ಸೈಕಲ್ ಇತ್ತು. ಎರಡನೆಯದರಲ್ಲಿ ಕೊಡೆ ಕಪ್ಪು. ಮೂರನೆಯದರಲ್ಲಿ ಹುಡುಗಿ ಗಾಡಿಯಿಂದ ಇಳಿದು ಯುವಕನ ಕೆನ್ನೆಗೆ ಬಾರಿಸಿದ್ದಳು. ಹೆಂಡತಿ ಬೆರಳಿಟ್ಟು ಹೊಡೆದುಹಾಕಿದ ಸಾಲುಗಳನ್ನೆಲ್ಲ ಓದಿದರು.

"ಇಲ್ಲಿ ಹಸಿರು ಬಟ್ಟೆ. ಇಲ್ಲಿ ಬಿಳಿ. ಇಲ್ಲಿ ಮತ್ತೆ ಹಸಿರು." ಅವರು ಪುಸ್ತಕ ಮುಚ್ಚಿ ಗಂಡನತ್ತ ತಿರುಗಿದರು. "ನಿಜವಾಗ್ಲೂ ಇವಳು ಕಟ್ಟಿದ್ದೇರೀ. ಯಾವ ಹೆಣ್ಣೂ ಇಷ್ಟು ಸಲ ಬಟ್ಟೆ ಬದಲಾಯಿಸಿ ನಿಮ್ಮನ್ನ ನೋಡೋಕೆ ಬರಲ್ಲ."

ಮೇಸ್ತ್ರಿಯ ಬೆನ್ನು ನಿಧಾನವಾಗಿ ಕುರ್ಚಿಗೆ ಒರಗಿತು. ತಾವೇ ಎದ್ದು ಹೋಗಿ ಫ್ಯಾನಿನ ವೇಗ ಕಡಿಮೆ ಮಾಡಿದರು. ಮತ್ತೆ ಬಂದು ಕೂತರು.

"ಹಾಗಾದ್ರೆ ನನ್ನ ಯೌವನದಲ್ಲಿ ಏನಿತ್ತು?"

ಇಟ್ಟುಕೊಳ್ಳಿ ಯಜಮಾನ್ರೇ, ನಾನು ಕಾದಂಬರಿಯಿಂದ ತೆಗೆಯುತ್ತೇನೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಹೆಂಡತಿ ಹೇಳಿದರು:

"ಏನಿತ್ತು ಅಂದ್ರೆ? ಹನ್ನೊಂದು ದಿನ ಇರಲಿಲ್ವಾ?"

"ಶ್!" ಎಂದರು ಮೇಸ್ತ್ರಿ.

"ಏನದು ಹನ್ನೊಂದು ದಿನ?" ಎಂದಳು ಕಾದಂಬರಿಗಾರ್ತಿ.

"ನಾನು ಒಂಬತ್ತನೇ ಮಹಡೀಲಿ ಟೆಲಿಫೋನ್ ಆಪರೇಟರ್ ಆಗಿದ್ದೆ ಕಣಮ್ಮ. ಲಿಫ್ಟ್ ಕೆಟ್ಟಿತ್ತು. ಇವರು ನಾಲ್ಕನೇ ಮಹಡೀಲಿ ಕೂತು ರಿಪೇರಿ ಮಾಡೋರು. ನಾನು ಹತ್ತಿ ಹತ್ತಿ ಅಲ್ಲಿಗೆ ಬರೋ ಹೊತ್ತಿಗೆ ಉಸಿರು ಕಟ್ಟೋದು. ಸ್ವಲ್ಪ ನಿಲ್ತಿದ್ದೆ. ಮಾತಾಡ್ತಿದ್ವಿ. ಎರಡು ದಿನದ ಕೆಲಸಾನ ಹನ್ನೊಂದು ದಿನ ಎಳೆದ್ರು ಮಹಾರಾಯರು."

"ಅದನ್ನ ಬರೀಬೇಡಿ!" ಮೇಸ್ತ್ರಿ ಎದ್ದೇ ನಿಂತರು. "ಕಂಪನಿಯವರು ಓದ್ತಾರೆ. ಮೂವತ್ತೆಂಟು ವರ್ಷದ ಸರ್ವೀಸಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ ನನ್ನ ಮೇಲೆ. ಬೇಕಾದ್ರೆ ಕೊಡೆ ಹುಡುಗೀನೇ ಇರಲಿ!"

"ಅವಳು ಇರೋ ಪುಸ್ತಕ ಈ ಮನೆ ಒಳಗೆ ಬರಲ್ಲ."

"ಹಂಗಾದ್ರೆ ಮೂರು ದಿನ ಅಂತ ಬರೀರಿ."

"ಹನ್ನೊಂದು."

"ಐದು. ಬಿಡಿಭಾಗ ಬಂದಿರಲಿಲ್ಲ ಅಂತ ಹಾಕಿ."

"ಹನ್ನೊಂದುರೀ! ಬೆರಳು ಮಡಚಿ ಎಣಿಸಿದೀನಿ ನಾನು."

ಕಾದಂಬರಿಗಾರ್ತಿ ಚೌಕುಳಿ ಚೀಲದಿಂದ ಕೊಡೆಯ ಹದಿನಾಲ್ಕು ಪುಟಗಳನ್ನು ಎಳೆದು ತನ್ನ ನೋಟುಪುಸ್ತಕದೊಳಗೆ ಸೇರಿಸಿದಳು. ಯಾರೂ ತಡೆಯಲಿಲ್ಲ. ಎದೆಯ ಮೇಲಿನ ಕಲ್ಲು ಇಳಿಯಿತು. ಖಾಲಿ ಹಾಳೆ ತೆಗೆದು 'ಹನ್ನೊಂದು ದಿನ' ಎಂದು ಮೇಲೆ ಬರೆದು ಮೇಸ್ತ್ರಿಯ ಮುಖ ನೋಡಿದಳು.

ಅವರು ಮತ್ತೆ ಕುರ್ಚಿಯಲ್ಲಿ ಕೂತರು. ಆಮೇಲೆ ಪೊಲೀಸರ ಮುಂದೆ ತಪ್ಪೊಪ್ಪಿಕೊಳ್ಳುವವರ ಹಾಗೆ ಹೇಳತೊಡಗಿದರು.

"ಎರಡನೇ ದಿನ ಸಾಯಂಕಾಲಕ್ಕೇ ಲಿಫ್ಟ್ ಸರಿಹೋಗಿತ್ತು. ಮೂರನೇ ದಿನ ಬೆಳಿಗ್ಗೆ ನಾನೇ ಒಂದು ವೈರ್ ಕಿತ್ತೆ."

ಹೆಂಡತಿ ಅವರ ಎದುರಿಗೇ ಬಂದು ನಿಂತರು.

"ಕಿತ್ರಾ? ನಿಧಾನಕ್ಕೆ ಮಾಡ್ತಿದಾರೆ ಅಂದ್ಕೊಂಡಿದ್ದೆ ಇಷ್ಟು ವರ್ಷ! ಸರಿಯಾಗಿರೋ ಲಿಫ್ಟ್ ಕೆಡಿಸಿ, ನನ್ನನ್ನ ದಿನಾ ಒಂಬತ್ತು ಮಹಡಿ ಹತ್ತಿಸಿದ್ರಾ? ಅಯ್ಯೋ, ನನ್ನ ಮೊಣಕಾಲು! ಬರೆದ್ಕೋ ಕಣಮ್ಮ, ಒಂದಕ್ಷರ ಬಿಡಬೇಡ."

ಅವಳು ತಲೆ ಎತ್ತದೆ ಬರೆಯುತ್ತಿದ್ದಳು. ಇಂಥದ್ದನ್ನು ತನ್ನಿಂದ ಏಳು ಜನ್ಮಕ್ಕೂ ಕಟ್ಟಲಾಗುತ್ತಿರಲಿಲ್ಲ ಎಂಬ ಹೊಟ್ಟೆಕಿಚ್ಚನ್ನು ಹತ್ತಿಕ್ಕಿಕೊಂಡು, ಒಂದಕ್ಷರವನ್ನೂ ತಿದ್ದದೆ.

"ಸಾಯಂಕಾಲ ಇಳಿಯೋವಾಗ ನಾನೂ ಜೊತೇಲೇ ಇಳೀತಿದ್ನಲ್ಲೇ," ಎಂದರು ಮೇಸ್ತ್ರಿ, ಹೆಂಡತಿಯ ಮುಖ ನೋಡದೆ. "ಟೂಲ್ ಬಾಕ್ಸ್ ಹೊತ್ಕೊಂಡು."

ಆಕೆ ಬೈಯಲೆಂದು ತೆರೆದ ಬಾಯಿಯನ್ನು ಮುಚ್ಚಿ, ಮೊಣಕಾಲು ನೀವಿಕೊಳ್ಳುತ್ತ ಅವರ ಪಕ್ಕದ ಕುರ್ಚಿಯಲ್ಲಿ ಕೂತರು.

"ಅದನ್ನೂ ಬರಿ," ಎಂದರು.