ಶಿಲುಬೆ ಅಳಿಸಿದ ಡಬ್ಬ

ಹನ್ನೊಂದು ಲಾರಿಗಳು ಧೂಳೆಬ್ಬಿಸಿಕೊಂಡು ಹೋದ ಮೇಲೆ ಹನ್ನೆರಡನೆಯದು ನಿಂತಿತು. ಕಾರ್ಪೊರಲ್ ಜೆಸುವಾಲ್ದೊ ದಾರಿಯ ನಡುವೆ ಎರಡೂ ಕೈ ಚಾಚಿ ನಿಂತಿದ್ದ. ಮುಂದೆ ಹೋಗಬೇಕೆಂದರೆ ಅವನ ಮೇಲೇ ಹತ್ತಿಸಬೇಕಿತ್ತು. ಅವನ ಹಿಂದೆ ಕೈಗಾಡಿಯಲ್ಲಿ ತಂಗಿಯ ಗಂಡ ತಿಂದಾರೊ ಮಲಗಿದ್ದ. ತೊಡೆಗೆ ಹೊಕ್ಕ ಶೆಲ್ಲಿನ ಚೂರು ಮೂರೇ ದಿನದಲ್ಲಿ ಇಡೀ ಕಾಲನ್ನು ಕಪ್ಪಾಗಿಸಿತ್ತು. ಫುಕಾದ ಮಿಲಿಟರಿ ಆಸ್ಪತ್ರೆಗೆ ಇನ್ನೂ ನಲವತ್ತು ಕಿಲೋಮೀಟರ್. ಸಂಜೆಯೊಳಗೆ ಆ ಕಾಲು ತೆಗೆಯದಿದ್ದರೆ ಆಳು ಉಳಿಯುವುದಿಲ್ಲವೆಂದು ಹೇಳಲು ಡಾಕ್ಟರೇ ಬೇಕಿರಲಿಲ್ಲ, ಹತ್ತಿರ ಬಂದ ಯಾರ ಮೂಗಾದರೂ ಸಾಕಿತ್ತು.

"ಬಾಗಿಲ ಮೇಲಿನ ಗುರುತು ನೋಡೋ," ಎಂದ ಗಾಡಿ ತಳ್ಳುತ್ತಿದ್ದ ಒರೆಸ್ತೆ. "ನಮ್ಮದೇ ರೆಜಿಮೆಂಟಿನ ಲಾರಿ ಕಣೋ ಇದು! ನಮ್ಮ ಲಾರಿಗೆ ನಾವೇ ಕೈ ಮುಗೀಬೇಕಾಯ್ತಲ್ಲ."

ನಿಜವೇ. ಈಜಿಪ್ಟಿನ ಅಲಮೇನ್‌ನಲ್ಲಿ ಯುದ್ಧದ ಸಾಲು ಮುರಿದದ್ದೇ ತಡ, ಮಿತ್ರರೆನಿಸಿಕೊಂಡ ಜರ್ಮನರು ಇಟಲಿಯ ಕಾಲಾಳುಗಳ ಲಾರಿಗಳನ್ನು ಕಿತ್ತುಕೊಂಡು ಪಶ್ಚಿಮಕ್ಕೆ ಹೊರಟುಬಿಟ್ಟಿದ್ದರು. ಬೆನ್ನ ಹಿಂದೆ ಇಂಗ್ಲಿಷರ ಟ್ಯಾಂಕುಗಳು, ಮುಂದೆ ಬರೀ ಮರಳು. ಅಂಥ ಸ್ನೇಹಕ್ಕಿಷ್ಟು ಬೆಂಕಿ ಬೀಳಲಿ.

ಬಿಸಿಲಿಗೆ ಮುಖದ ಚರ್ಮ ಸುಲಿದುಹೋಗಿದ್ದ ಜರ್ಮನ್ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. ಹರಕುಮುರುಕು ಇಟಾಲಿಯನ್ನಿನಲ್ಲಿ, "ಜಾಗ ಇಲ್ಲ. ಎಲ್ಲ ಭರ್ತಿ. ನೀನು ಪಕ್ಕಕ್ಕೆ ಸರಿ," ಎಂದ.

"ನಾವು ಬರಲ್ಲ ಸ್ವಾಮಿ. ಇವನೊಬ್ಬನನ್ನ ಹತ್ತಿಸ್ಕೊಳ್ಳಿ. ದಮ್ಮಯ್ಯ ಅಂತೀನಿ. ಮಗು ಹುಟ್ಟಿದೆ ಇವನಿಗೆ, ಇನ್ನೂ ಮುಖ ನೋಡಿಲ್ಲ," ಎಂದ ಜೆಸುವಾಲ್ದೊ.

ಡ್ರೈವರನ ಕಣ್ಣು ತಿಂದಾರೊನ ಕಾಲ ಬಳಿಯಿದ್ದ ಡಬ್ಬದ ಮೇಲೆ ಬಿತ್ತು. "ಪೆಟ್ರೋಲ್?"

ಡಬ್ಬ ಜರ್ಮನರದೇ. ನೀರಿನ ಡಬ್ಬಕ್ಕೆ ಅವರು ಬಿಳಿ ಶಿಲುಬೆ ಬಳಿಯುತ್ತಿದ್ದರು, ಪೆಟ್ರೋಲಿನದಕ್ಕೆ ಏನೂ ಇಲ್ಲ. ಇದಕ್ಕೂ ಒಂದು ಕಾಲಕ್ಕೆ ಶಿಲುಬೆ ಇತ್ತು. ಆದರೆ ಕಂದಕದಲ್ಲಿ ಶಿಲುಬೆ ಕಂಡ ಡಬ್ಬವೆಲ್ಲ ಬೆಳಗಾಗುವುದರೊಳಗೆ ಮಾಯವಾಗುತ್ತಿದ್ದುದರಿಂದ, ಜೆಸುವಾಲ್ದೊ ಅದನ್ನು ಚಾಕುವಿನಿಂದ ಕೆರೆದು ತೆಗೆದಿದ್ದ. ವಾಸನೆ ಬರಲೆಂದು ದಿನಾ ಮುಚ್ಚಳದ ಸುತ್ತ ಪೆಟ್ರೋಲ್ ಅದ್ದಿದ ಬಟ್ಟೆಯಿಂದ ಒರೆಸುತ್ತಿದ್ದ. ಕಂದಕದಲ್ಲಿ ಕೂತ ಕಾಲಾಳು ಪೆಟ್ರೋಲನ್ನು ಕದ್ದು ಏನು ಮಾಡುತ್ತಾನೆ? ಹೀಗೆ ಉಳಿಸಿಕೊಂಡ ನೀರೇ ಮೂವರನ್ನೂ ಇಲ್ಲಿಯವರೆಗೆ ತಂದಿತ್ತು.

ನೀರು ಎಂದರೆ ಲಾರಿ ಹೊರಟುಹೋಗುತ್ತದೆ. ಜೆಸುವಾಲ್ದೊ ಒರೆಸ್ತೆಯನ್ನು ನೋಡಿದ. ಒರೆಸ್ತೆ ನೆಲ ನೋಡಿದ.

"ಪೆಟ್ರೋಲೇ," ಎಂದ ಜೆಸುವಾಲ್ದೊ. "ಫುಕಾ ತನಕ ಟ್ಯಾಂಕಲ್ಲಿ ಇದೆ ತಾನೆ ನಿಮಗೆ?"

"ಫುಕಾ ತನಕ ಇದೆ. ಆಮೇಲೆ ಇಲ್ಲ."

ಅಷ್ಟು ಸಾಕು. ಫುಕಾ ಮುಟ್ಟಿದ ಮೇಲೆ ಅದರಲ್ಲಿ ಏನು ಬೇಕಾದರೂ ಸುರಿದುಕೊಳ್ಳಲಿ. ಡ್ರೈವರ್ ಇಳಿದು ಬಂದು ಮುಚ್ಚಳದ ಬಳಿ ಮೂಗಿಟ್ಟ, ತಲೆಯಾಡಿಸಿ ಡಬ್ಬವನ್ನು ತನ್ನ ಸೀಟಿನ ಪಕ್ಕಕ್ಕೆ ಒಯ್ದ. ಹಿಂದೆ ಕೂತಿದ್ದ ಇಬ್ಬರು ತಿಂದಾರೊನನ್ನು ಎತ್ತಿಕೊಂಡರು. ಜ್ವರದ ಮಂಪರಿನಲ್ಲಿ ಅವನು ಬಾಯಿ ತೆರೆದಾಗ ಜೆಸುವಾಲ್ದೊ ತನ್ನ ಸೀಸೆಯಲ್ಲಿದ್ದ ಕೊನೆಯ ಗುಟುಕನ್ನು ಅದಕ್ಕೆ ಹಾಕಿದ.

"ನೀನು ಬರಲ್ವೇನೋ?" ಎಂದ ತಿಂದಾರೊ.

"ಹಿಂದಿನ ಲಾರೀಲಿ ಬರ್ತೀನಿ. ಸುಮ್ನೆ ಮಲ್ಕೋ."

ಲಾರಿ ಹೊರಟಿತು. ಒರೆಸ್ತೆ ಖಾಲಿ ಕೈಗಾಡಿಯನ್ನು ಕಾಲಿನಿಂದ ಒದ್ದ. "ಈಗ ನಾವು ಏನು ಕುಡಿಯೋದಪ್ಪಾ?"

"ಬಾಯಿ ಮುಚ್ಕೊಂಡಿದ್ರೆ ಎಂಜಲಾದ್ರೂ ಉಳಿಯುತ್ತೆ."

ಒರೆಸ್ತೆ ನಗಲು ನೋಡಿದ, ತುಟಿ ಒಡೆದು ರಕ್ತ ಬಂತು.

ಒಂದು ಫರ್ಲಾಂಗು ದೂರದ ದಿಬ್ಬದ ಬುಡದಲ್ಲಿ ಲಾರಿ ಮತ್ತೆ ನಿಂತಿತು. ಮುಂದೆಲ್ಲ ಮೆತ್ತನೆಯ ಮರಳು. ಅಂಥ ಏರಿನಲ್ಲಿ ಎಂಜಿನ್ನು ಎಷ್ಟು ಪೆಟ್ರೋಲ್ ಕುಡಿಯುತ್ತದೆಂದು ಬಲ್ಲ ಡ್ರೈವರ್, ಹುಷಾರಿನ ಮನುಷ್ಯ, ಟ್ಯಾಂಕು ತುಂಬಿಸಿಕೊಂಡೇ ಹತ್ತಲು ನಿರ್ಧರಿಸಿರಬೇಕು. ಒಂದು ಕೈಯಲ್ಲಿ ಆಲಿಕೆ, ಇನ್ನೊಂದರಲ್ಲಿ ಡಬ್ಬ ಹಿಡಿದು ಇಳಿದ.

ಆ ನೀರು ಟ್ಯಾಂಕಿಗೆ ಬಿದ್ದರೆ ಎಂಜಿನ್ನು ನಡುದಾರಿಯಲ್ಲೇ ನಿಂತುಬಿಡುತ್ತದೆ. ಜೆಸುವಾಲ್ದೊ ಓಡಿದ. ಕೂಗಲು ಬಾಯಿ ತೆರೆದರೆ ಒಣಗಿದ ಗಂಟಲಿನಿಂದ ಗಾಳಿಯಷ್ಟೇ ಹೊರಟಿತು. ಎರಡೂ ಕೈ ಬೀಸುತ್ತ, ಮರಳಿನಲ್ಲಿ ಹೂತುಹೋಗುವ ಕಾಲು ಕೀಳುತ್ತ ಓಡಿದ. ಇನ್ನು ಐವತ್ತು ಹೆಜ್ಜೆ ಇರುವಾಗ ಲಾರಿಯ ಮೇಲಿದ್ದವನೊಬ್ಬ ಬಂದೂಕು ಎತ್ತಿದ. ಹೀಗೆ ಓಡಿಬಂದು ಲಾರಿಗೆ ಜೋತುಬೀಳುವವರನ್ನು ಅವನು ಸಾಲು ಮುರಿದ ಮೇಲಿನ ನಾಲ್ಕು ದಿನದಲ್ಲಿ ಬೇಕಾದಷ್ಟು ಕಂಡಿದ್ದ. ಗುಂಡು ಜೆಸುವಾಲ್ದೊನ ಕಾಲ ಮುಂದೆ ಮರಳನ್ನು ಚಿಮ್ಮಿಸಿತು. ಬಿದ್ದ. ಮೊಣಕಾಲೂರಿ ಎದ್ದು ಬೇಡ, ಬೇಡ ಎಂದು ಕೈಯಾಡಿಸಿದ. ಎರಡನೆಯ ಗುಂಡು ಕಿವಿಯ ಪಕ್ಕದಲ್ಲೇ ಹೋಯಿತು. ಮತ್ತೆ ಬೋರಲು ಬಿದ್ದ.

ಡ್ರೈವರ್ ಕೊನೆಯ ಹನಿಯನ್ನೂ ಆಲಿಕೆಗೆ ಬಸಿದು ಡಬ್ಬವನ್ನು ಎಸೆದ.

ಲಾರಿಯ ಹಿಂಬದಿಯಲ್ಲಿ ಯಾರದೋ ತೊಡೆಯ ಮೇಲಿದ್ದ ತಿಂದಾರೊನ ತಲೆ ಎದ್ದಿತು. ಮರಳಿನಲ್ಲಿ ಬಿದ್ದಿರುವವನು ಯಾರೆಂದು ಅವನಿಗೆ ಗೊತ್ತಾಯಿತು. ಬೀಳ್ಕೊಡಲೆಂದೇ ಇಷ್ಟು ದೂರ ಓಡಿಬಂದನೆಂದುಕೊಂಡ ಅವನು ಬಲಗೈಯನ್ನು ಕಷ್ಟಪಟ್ಟು ಎತ್ತಿ, ಎರಡು ಸಲ ಬೀಸಿದ.

ಲಾರಿ ಏರು ಹತ್ತಿ ದಿಬ್ಬದ ಆಚೆ ಇಳಿಯಿತು. ಜೆಸುವಾಲ್ದೊ ಏಳಲಿಲ್ಲ. ಕೆನ್ನೆಯನ್ನು ಬಿಸಿ ಮರಳಿಗೆ ಒತ್ತಿ, ಉಸಿರು ಬಿಗಿಹಿಡಿದು ಕೇಳಿದ. ಎಂಜಿನ್ ಇನ್ನೂ ಓಡುತ್ತಿತ್ತು.