ಸದ್ದಿಲ್ಲದೆ ಬಂದ ಕಾರು

ಲೈಬ್ರರಿಯನ್ನರ ಹಳೆಯ ಕಾರು ಬೀದಿಯ ತಿರುವಿಗೆ ಬಂದರೆ ಸಾಕು, ಇಂಜಿನ್ ಫ್ಯಾನಿನ ಬೇರಿಂಗು ಕಿರ್ರೋ ಎಂದು ಅರಚಿ ಡಂಗುರ ಸಾರುತ್ತಿತ್ತು. ಅದು ಕೇಳಿದ ಕೂಡಲೇ ಮನೆಯೊಳಗೆ ಅವರ ತಾಯಿ ಟೀಪಾಯಿಯ ಮೇಲಿಂದ ಕಾಲಿಳಿಸುತ್ತಿದ್ದರು, ಮಗಳು ರೇಡಿಯೋ ಆರಿಸುತ್ತಿದ್ದಳು, ಹೆಂಡತಿ ನಕ್ಕು ನಕ್ಕು ಒದ್ದೆಯಾದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹೆತ್ತ ಮಗನನ್ನೇ ಅಣಕಿಸುವುದರಲ್ಲಿ ಆ ಅತ್ತೆಯದು ಎತ್ತಿದ ಕೈ. ಕನ್ನಡಕ ಮೂಗಿನ ತುದಿಗಿಳಿಸಿ, ತುಟಿಗೆ ಬೆರಳಿಟ್ಟು "ಶ್ಶ್" ಎಂದರೆ ಥೇಟ್ ಅವರೇ. ಲೈಬ್ರರಿಯನ್ನರು ಒಳಗೆ ಕಾಲಿಡುವಾಗ ಮಾತ್ರ ಮನೆ ಗಪ್‌ಚಿಪ್. "ನಮ್ಮನೇಲಿ ಸೂಜಿ ಬಿದ್ರೂ ಕೇಳ್ಸುತ್ತೆ" ಎಂದು ಅವರು ಕಂಡವರಿಗೆಲ್ಲ ಹೇಳುತ್ತಿದ್ದರು, ಪಾಪ.

ಒಂದು ಭಾನುವಾರ ಅವರು ಹೊಸ ಬೇರಿಂಗು ತಂದು, ಅಂಗಡಿಯವನು ಹೇಳಿದಂತೆ ಫ್ರೀಜರಿನಲ್ಲಿಟ್ಟು, ಕಾರಿನ ಬಾನೆಟ್ ಎತ್ತಿದರು. ಲೈಬ್ರರಿಯ ಓದುಗರು ಕಾರಿನ ಸದ್ದಿಗೆ ತಲೆಯೆತ್ತಿ ನೋಡುತ್ತಾರಂತೆ, ನಾಚಿಕೆಯಂತೆ. ಹೆಂಡತಿ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬಂದಳು. ಸಂಜೆಯ ಆ ನಗುವಿನಿಂದಲೇ ಅವಳ ದಿನ ದಾಟುತ್ತಿದ್ದುದು. ಸದ್ದು ಹೋದರೆ ನಗುವಿಗೆ ಕಾವಲು ಯಾರು?

ಬೆಲ್ಟು ಸಡಿಲಿಸಿ, ಫ್ಯಾನು ಬಿಚ್ಚಿ, ಬೇರಿಂಗು ಕೂತಿದ್ದ ಅಲ್ಯೂಮಿನಿಯಂ ಗೂಡನ್ನು ಕಳಚಿ ಅಂಗಳಕ್ಕೆ ತರುವವರೆಗೆ ಎಲ್ಲ ನೀರು ಕುಡಿದಷ್ಟು ಸಲೀಸಾಗಿತ್ತು. ಪಡಿಪಾಟಲು ಶುರುವಾದದ್ದು ಆಮೇಲೆ. ಎಣ್ಣೆ ಬಿಟ್ಟರು, ಕೊಳವೆಯ ತುಂಡು ಆನಿಸಿ ಸುತ್ತಿಗೆಯಿಂದ ಬಡಿದರು. ಜಪ್ಪಯ್ಯ ಅಂದರೂ ಬೇರಿಂಗು ಅಲುಗಲಿಲ್ಲ.

"ನೋಡು, ಮರ್ಯಾದೆಯಾಗಿ ಹೊರಗೆ ಬಂದ್ಬಿಡು," ಎಂದು ಅವರು ಲೈಬ್ರರಿಯ ಪಿಸುದನಿಯಲ್ಲೇ ಅದನ್ನು ಗದರಿಸಿದರು.

"ಬರ್ಬೇಡ ಕಣಪ್ಪ, ಅಲ್ಲೇ ಗಟ್ಟಿಯಾಗಿ ಕೂತಿರು," ಎಂದು ಕಿಟಕಿಯ ಹಿಂದಿನಿಂದ ಅತ್ತೆ ಬೇರಿಂಗಿಗೆ ಧೈರ್ಯ ತುಂಬಿದರು.

ಹೆಂಡತಿಗೆ ಉಪಾಯ ಗೊತ್ತಿತ್ತು. ಆದರೂ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಳು.

ಮಧ್ಯಾಹ್ನ ಎಡಗೈಯಲ್ಲಿದ್ದ ಸುತ್ತಿಗೆ ಜಾರಿ ಬಲಗೈ ಹೆಬ್ಬೆರಳಿಗೆ ಬಿತ್ತು. ಅವರು ಕೂಗಲೂ ಇಲ್ಲ. ಬೆರಳನ್ನು ಬಾಯಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತರು. "ನನ್ ಕೈಲಿ ಆಗಲ್ಲ ಬಿಡೇ," ಎಂದರು.

ಅವಳು ಒದ್ದೆ ಬಟ್ಟೆ ತಂದು ಆ ಬೆರಳಿಗೆ ಸುತ್ತಿದಳು. ನಗು ಹಾಳಾಗಿ ಹೋಗಲಿ ಎನಿಸಿತು. "ರೀ, ಅದನ್ನ ಗೂಡು ಸಮೇತ ಕುದಿಯೋ ನೀರಲ್ಲಿ ಮುಳುಗಿಸಿ. ಡಬ್ಬಿ ಮುಚ್ಚಳ ಬಿಗಿದಾಗ ನಾನು ಬಿಸಿನೀರಿಗೆ ಹಿಡಿಯೋದು."

ಕಿಟಕಿಯ ಹಿಂದೆ ಅತ್ತೆ ಹಣೆ ಚಚ್ಚಿಕೊಂಡರು. ಕುದಿಸಿ, ಇಕ್ಕಳದಲ್ಲಿ ಎತ್ತಿ, ಒಂದೆರಡು ಏಟು ಹಾಕಿದ್ದೇ ತಡ, ಹಳೆಯ ಬೇರಿಂಗು ಟಣ್ಣೆಂದು ನೆಲಕ್ಕುರುಳಿತು. ಫ್ರೀಜರಿನ ಥಂಡಿಗೆ ಕುಗ್ಗಿದ್ದ ಹೊಸದು ಬಿಸಿಗೆ ಹಿಗ್ಗಿದ್ದ ಗೂಡಿನೊಳಗೆ ತಕರಾರಿಲ್ಲದೆ ಇಳಿಯಿತು. ಸಂಜೆ ಇಂಜಿನ್ನು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು.

ಮರುದಿನ ಹುಷಾರಾಗಿರಬೇಕೆಂದು ಮೂವರೂ ಮಾತಾಡಿಕೊಂಡಿದ್ದರು. ಆದರೆ ಅತ್ತೆಯ ನಾಲಿಗೆ ಸುಮ್ಮನಿದ್ದರೆ ತಾನೆ? ಪಾತ್ರೆಯೊಂದನ್ನು ಬೋರಲು ಹಾಕಿ, ಸೌಟಿನಿಂದ ಬಡಿಯುತ್ತ, "ಮರ್ಯಾದೆಯಾಗಿ ಹೊರಗೆ ಬಂದ್ಬಿಡು" ಎಂದು ಪಿಸುಗುಟ್ಟಿದರು. ಮಗಳು ನೆಲದ ಮೇಲೆ ಹೊರಳಾಡಿದಳು. ಹೆಂಡತಿ ಹೊಟ್ಟೆ ಹಿಡಿದುಕೊಂಡು ಈಚೆ ತಿರುಗಿದರೆ, ಬಾಗಿಲಲ್ಲಿ ಲೈಬ್ರರಿಯನ್ನರು. ಕೈಯಲ್ಲಿ ಚೀಲ, ಬಲಗೈ ಹೆಬ್ಬೆರಳಿಗೆ ಬಟ್ಟೆಯ ಪಟ್ಟಿ.

ಆಗ ನಿಜವಾಗಿಯೂ ಸೂಜಿ ಬಿದ್ದಿದ್ದರೆ ಕೇಳಿಸುತ್ತಿತ್ತು.

"ದಿನಾ ಹೀಗೇನಾ?" ಎಂದು ಅವರು ಕೇಳಿದರು.

"ಹೂಂ," ಎಂದಳು ಹೆಂಡತಿ, ತಲೆ ತಗ್ಗಿಸಿ. "ಕಾರಿನ ಸದ್ದು ಕೇಳೋವರೆಗೂ."

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. "ಲೈಬ್ರರೀಲಿ ದಿನವೆಲ್ಲ ಯಾರೂ ತುಟಿ ಬಿಚ್ಚಲ್ಲ. ಇಲ್ಲಿಗೆ ಬಂದ್ರೂ ಅದೇ. ನಿಮಗೂ ಮೌನಾನೇ ಇಷ್ಟ ಅಂದ್ಕೊಂಡು ನಾನೂ ಬಾಯಿ ಮುಚ್ಕೊಂಡಿರ್ತಿದ್ದೆ," ಎಂದರು.

ಇಷ್ಟು ವರ್ಷ ಆ ನಗುವನ್ನು ಯಾರಿಂದ ಕಾಯುತ್ತಿದ್ದೆವು ಎಂದು ಹೆಂಡತಿಗೆ ಸಂಕಟವಾಯಿತು.

ಲೈಬ್ರರಿಯನ್ನರು ಚೀಲ ಕೆಳಗಿಟ್ಟು ಮಗಳ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಸೌಟು ಎಡಗೈಲಿ ಹಿಡ್ಕೋ ಅಮ್ಮ," ಎಂದರು. "ಇಲ್ದಿದ್ರೆ ನಿನ್ ಮಗನ ಬಲಗೈ ಹೆಬ್ಬೆರಳಿಗೆ ಏಟು ಬೀಳೋದು ಹೇಗೆ?"

ಅತ್ತೆ ಸೌಟಿನ ಕೈ ಬದಲಿಸಿ, ಮತ್ತೆ ಮೊದಲಿನಿಂದ ಶುರುಮಾಡಿದರು.