ಎಂಜಿನ್ ತಣ್ಣಗಾಗುವವರೆಗೆ

ರಾತ್ರಿ ಎಲ್ಲರೂ ಮಲಗಿದ ಮೇಲೆ ಅಣ್ಣನ ಫೋನು ಟಿಣ್ ಎಂದಿತು. ಕಾರು ಮಾರುವವನ ಸಂದೇಶ: ಬೇರೆ ಗಿರಾಕಿ ಬರುತ್ತಿದ್ದಾರೆ, ಬೇಕಿದ್ದರೆ ಬೆಳಗ್ಗೆಯೇ ಬನ್ನಿ. ಅಣ್ಣ ಕಾರ್ಖಾನೆಯ ಕೆಲಸ ಬಿಟ್ಟಾಗಿತ್ತು. ಬಾಡಿಗೆಗೆ ಓಡಿಸಲು ಹಳೇ ಕಾರು ಹುಡುಕುತ್ತಿದ್ದ. ಅರ್ಧ ದುಡ್ಡು ನಾನು ಹಾಕುವುದೆಂದು ಮಾತಾಗಿತ್ತು. ಅವಸರಪಡಿಸುವವರನ್ನು ನಾನು ನಂಬುವುದಿಲ್ಲ. ಬೆಳಗಾಗುತ್ತಲೇ ಅವನ ಜೊತೆ ಹೊರಟೆ.

ಕಾರಿನವನ ಮನೆಗೆ ಹೋದವಳೇ ಬಾನೆಟ್ ಮುಟ್ಟಿದೆ. ಬಿಸಿಯಿತ್ತು.

"ನಾವು ಬರೋ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದೀರಿ," ಎಂದೆ. "ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತೆ ನೋಡ್ಬೇಕು. ಕಾಯ್ತೀವಿ."

"ನಿಮ್ಮ ತಂಗಿ ಪೊಲೀಸಾ?" ಅವನು ಅಣ್ಣನನ್ನು ಕೇಳಿದ.

"ಇಲ್ಲ, ಕಾಲೇಜು ಓದಿದಾಳೆ," ಅಣ್ಣನ ದನಿಯಲ್ಲಿ ಸಂಕೋಚವಿತ್ತು.

"ಮೊಸರಲ್ಲಿ ಕಲ್ಲು ಹುಡುಕೋದು ಅಲ್ಲೇ ಕಲಿಸೋದು ಅನ್ಸುತ್ತೆ."

ಕಾದೆವು. ಯಾರೂ ಕೂರಲು ಹೇಳಲಿಲ್ಲ. ಅವನು ಗೇಟಿಗೆ ಒರಗಿ, ಕೀಯನ್ನು ಬೆರಳಲ್ಲಿ ತಿರುಗಿಸುತ್ತ, ನನ್ನನ್ನೇ ದುರುಗುಟ್ಟಿ ನೋಡುತ್ತ ನಿಂತಿದ್ದ. ಬಾಗಿಲಲ್ಲಿ ಅವನ ಹೆಂಡತಿ ಇಣುಕಿದಳು. "ಏಯ್, ಒಳಗೆ," ಎಂದ. ಅವಳ ಕೈ ತಾನಾಗಿಯೇ ಕೆನ್ನೆಗೆ ಅಡ್ಡ ಬಂತು.

ನೀರು ಬೇಕೆಂದು ಒಳಗೆ ಹೋದೆ. ಅಡುಗೆಮನೆಯಲ್ಲಿ ಅವಳು ನಲ್ಲಿಯನ್ನು ಪೂರ್ತಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಹೇಳಿದಳು: "ಅಕ್ಕಾ, ತಗೋಬೇಡಿ. ಮುಂದಿನ ಅರ್ಧ ಒಂದು ಕಾರಿಂದು, ಹಿಂದಿನ ಅರ್ಧ ಇನ್ನೊಂದರದು. ಬೆಸುಗೆ ಹಾಕ್ಸಿದಾರೆ. ಮ್ಯಾಟ್ ಎತ್ತಿದ್ರೆ ಕಾಣುತ್ತೆ. ಎಲ್ಲಾದ್ರೂ ಜೋರಾಗಿ ಗುದ್ದಿದ್ರೆ ಎರಡು ತುಂಡು. ನಾನು ಹೇಳ್ದೆ ಅಂತ ಗೊತ್ತಾದ್ರೆ..."

ನಲ್ಲಿ ನಿಲ್ಲಿಸಿದಳು.

ಬಾನೆಟ್ ತಣ್ಣಗಾದ ಮೇಲೆ ಅಣ್ಣ ಕೀ ತಿರುಗಿಸಿದ. ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಹೊಗೆಯಿಲ್ಲ, ನಡುಕವಿಲ್ಲ.

"ಈಗೇನಂತಾರೆ ಮೇಡಂ?"

ಮ್ಯಾಟ್ ಎತ್ತಿದರೆ ಸಾಕಿತ್ತು. ಆದರೆ ಅಡುಗೆಮನೆಗೆ ಹೋಗಿ ಬಂದವಳು ನೇರವಾಗಿ ಮ್ಯಾಟಿಗೆ ಕೈ ಹಾಕಿದರೆ, ಹೇಳಿಕೊಟ್ಟವರು ಯಾರೆಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಬಣ್ಣ ಹಿಡಿಸ್ಲಿಲ್ಲ," ಎಂದೆ.

"ಬಂದಾಗ್ಲೂ ಇದೇ ಬಣ್ಣ ಇತ್ತಲ್ಲಮ್ಮ. ಕಣ್ಣು ಮನೇಲಿಟ್ಟು ಬಂದಿದ್ರಾ?"

"ಬಾಡಿಗೆ ಕಾರಿಗೆ ಬಣ್ಣ ಯಾವನಿಗೆ ಬೇಕೇ?" ಅಣ್ಣ ಹಲ್ಲು ಕಚ್ಚಿದ. "ನಾನು ತಗೋತೀನಿ."

"ಹಾಗಾದ್ರೆ ನನ್ನ ಪಾಲಿನ ದುಡ್ಡು ಬರಲ್ಲ."

ಆ ಮಾತಿಗೆ ಅಣ್ಣನ ಮುಖ ಕಪ್ಪಿಟ್ಟಿತು. ಕೀಯನ್ನು ಹಿಂದಕ್ಕೆ ಕೊಟ್ಟ. ಕಾರಿನವನು ನನ್ನ ಚಪ್ಪಲಿಯ ಪಕ್ಕ ಉಗಿದು, ಗೇಟನ್ನು ಬಡಿದು ಹಾಕಿದ.

ಬಸ್ ಸ್ಟಾಪಿನವರೆಗೂ ಅಣ್ಣ ನನ್ನಿಂದ ದೂರವೇ ನಡೆದ. "ಹೊಟ್ಟೆಪಾಡಿಗೆ ಕಲ್ಲು ಹಾಕಿದೆ. ನಿಮ್ಮತ್ತಿಗೆಗೆ ನೀನೇ ಹೇಳ್ಕೋ, ಯಾಕೆ ಬೇಡ ಅಂದೆ ಅಂತ."

ನಿಜ ಹೇಳಿದರೆ ಅಣ್ಣ ಈಗಲೇ ವಾಪಸ್ಸು ಹೋಗಿ ಅವನ ಕೊರಳಪಟ್ಟಿ ಹಿಡಿಯುತ್ತಾನೆ. ಜಗಳ ಮುಗಿಸಿ ನಾವು ನಮ್ಮ ಮನೆಗೆ ಬರುತ್ತೇವೆ. ಅವಳು ಆ ಮನೆಯಲ್ಲೇ ಇರಬೇಕು. ಆ ಕಾರನ್ನು ನಾಳೆ ಇನ್ಯಾರಾದರೂ ಕೊಳ್ಳಬಹುದು ಎಂಬುದೂ ಹೊಳೆಯಿತು.

"ಬಣ್ಣ ಹಿಡಿಸ್ಲಿಲ್ಲ ಅಂದೆನಲ್ಲ," ಎಂದೆ. ಅತ್ತಿಗೆಗೂ ಅಷ್ಟೇ, ಅಮ್ಮನಿಗೂ ಅಷ್ಟೇ. ಯಾರು ಕೇಳಿದರೂ ಅದಕ್ಕಿಂತ ಒಂದಕ್ಷರ ಹೆಚ್ಚು ಹೇಳುವುದಿಲ್ಲ.